ಮಳೆಗೆ ಹಾಕಿದ ಹೆಪ್ಪು

ಹತ್ತೊಂಬತ್ತು ವರ್ಷಗಳಿಂದ ನಾನು ದಿನಾಲು ಮುಂಜಾನೆ ಎಂಟು ಗಂಟೆಗೆ ಒಂದು ತಗಡಿನ ಡಬ್ಬಿಯೊಳಗೆ ಇಣುಕಿ ನೋಡುತ್ತ ಬಂದಿದ್ದೇನೆ. ಇದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ. ನನ್ನ ಜೊತೆ ಮುಲ್ಕಿ ಪರೀಕ್ಷೆ ಪಾಸಾದವರು ಹೊಲ ಮಾಡಿದರು, ಅರಳೆಯ ವ್ಯಾಪಾರ ಮಾಡಿದರು, ಒಬ್ಬನಂತೂ ಸಾಲಿಯ ಹೆಡ್ ಮಾಸ್ತರನಾದ. ನಾನು ಬೈಲಹೊಂಗಲದ ಒಂದು ಸಣ್ಣ ಸರಕಾರಿ ಕಚೇರಿಯಲ್ಲಿ ಕಾರಕೂನನಾದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೆ ಅದರ ಘನತೆ ಹೆಚ್ಚುವುದೂ ಇಲ್ಲ. ಅಲ್ಲಿಯ ಹಿತ್ತಲಲ್ಲಿ ತಂತಿಯ ಬೇಲಿಯ ನಡುವೆ ಮಳೆ ಅಳೆಯುವ ಡಬ್ಬಿಯೊಂದನ್ನು ಅರ್ಧ ಹುಗಿದಿಟ್ಟಿದ್ದಾರೆ. ಮೇಲೆ ಒಂದು ಆಲಿಕೆ, ಒಳಗೆ ಒಂದು ಬಾಟಲಿ. ಮಳೆ ಬರಲಿ, ಬಿಡಲಿ, ಎಂಟು ಗಂಟೆಗೆ ಅದನ್ನು ತೆಗೆದು ನೋಡಬೇಕು, ಇದ್ದ ನೀರನ್ನು ಗೆರೆ ಹಾಕಿದ ಗಾಜಿನ ಗ್ಲಾಸಿಗೆ ಸುರಿದು ಅಳೆಯಬೇಕು, ಬರೆಯಬೇಕು, ಚೆಲ್ಲಬೇಕು. ಬೇಸಿಗೆಯಲ್ಲಿ ಅದರೊಳಗೆ ಜೇಡ ಇರುತ್ತದೆ, ಒಮ್ಮೊಮ್ಮೆ ಹಲ್ಲಿ ಇರುತ್ತದೆ. ಜೇಡಕ್ಕೆ ಮತ್ತು ಹಲ್ಲಿಗೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲದ್ದರಿಂದ ನಾನು 'ಇಲ್ಲ' ಎಂದು ಬರೆಯುತ್ತೇನೆ.

ಆದರೆ ಪೇಟೆಯ ಜನ ನನ್ನನ್ನು ಬೇರೆಯೇ ರೀತಿ ತಿಳಿದುಕೊಂಡಿದ್ದಾರೆ. ಮಳೆಯ ಕೀಲಿಕೈ ನನ್ನ ಜನಿವಾರಕ್ಕೆ ಕಟ್ಟಿದೆ ಎಂದೇ ಅವರ ನಂಬಿಕೆ. ಸಂತೆಯ ದಿನ ಹಾದಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. "ಏನ್ರೀ ಕಾರಕೂನ್ರ, ಈ ಸಲ ಭಾಳ ಬಿಗಿ ಹಿಡದೀರಲ್ಲ. ನಮ್ಮ ದೊಡವಾಡದ ಕಡೆ ಒಂದೀಟು ಬಿಡ್ರಿ."

"ನಾ ಬರಿಯಾಂವ ಅಷ್ಟ ಇದ್ದೀನೋ ಮಾರಾಯಾ, ಬಿಡಾಂವ ಅಲ್ಲ" ಎಂದರೆ ಅವರು ನಗುತ್ತಾರೆ. "ಎಲ್ಲಾ ಕಾರಕೂನ್ರೂ ಹಿಂಗಽ ಅಂತಾರ ಬಿಡ್ರಿ."

ಮಳೆಯನ್ನು ಬಿಡುವ ಅಧಿಕಾರಿ ಬೇರೆ ಇದ್ದಾನೆ. ಅವನು ದಿನಾಲು ಮೂಡಣದಲ್ಲಿ ಹಾಜರಾಗುತ್ತಾನೆ, ರಜೆ ಕೇಳುವುದಿಲ್ಲ, ಬದಲಿ ಆಗುವುದಿಲ್ಲ. ನೀರನ್ನು ಎತ್ತುವವನೂ ಅವನೇ, ಗಾಳಿಯನ್ನು ಓಡಿಸುವವನೂ ಅವನೇ. ಇಷ್ಟೆಲ್ಲ ಮಾಡಿಯೂ ಹೆಸರು ಮೋಡಕ್ಕೆ ಬರುತ್ತದೆ, ಬೈಗುಳ ಅವನಿಗೆ ಬರುತ್ತದೆ. ಮಳೆ ಬಂದರೆ 'ಮಳೆರಾಯ ಬಂದ' ಎನ್ನುತ್ತೇವೆ, ಬರದಿದ್ದರೆ 'ಏನು ಸುಡುಗಾಡು ಬಿಸಿಲು' ಎನ್ನುತ್ತೇವೆ. ದುಡಿಯುವವರ ಹಣೆಬರಹ ಆಕಾಶದಲ್ಲೂ ಇಷ್ಟೇ ಎಂದು ನನಗೆ ಎಷ್ಟೋ ಸಲ ಸಮಾಧಾನವಾಗಿದೆ.

ಈ ಸಂಗತಿಯನ್ನು ನಾನು ಸಾಲಿಯಲ್ಲಿ ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ್ದೆ. ನೆಲ ಬೇಗ ಕಾಯುತ್ತದೆ, ಸಮುದ್ರ ತಡವಾಗಿ ಕಾಯುತ್ತದೆ, ಆದ್ದರಿಂದ ಗಾಳಿ ಬೀಸುತ್ತದೆ. ಯಾಕೆ ಎಂದು ಮಾಸ್ತರರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದವಳು ನನ್ನ ಹೆಂಡತಿ. ಅವಳ ತವರು ಮುನವಳ್ಳಿ. ಊರವರಿಗೆಲ್ಲ ಅವಳು ಅಂಬಕ್ಕ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಮದುವೆಯಾದ ಹೊಸತರಲ್ಲಿ ಒಂದು ದಿನ ನಾನು ಊಟಕ್ಕೆ ಕುಳಿತು ನನ್ನ ಜಾಣತನ ತೋರಿಸಲು ನೆಲ, ಸಮುದ್ರದ ಪಾಠ ಹೇಳಿದೆ. ಅವಳು ರೊಟ್ಟಿ ತಿರುವುತ್ತ, "ಅಂದ್ರ ನೆಲ ಅನ್ನೂದು ಹಂಚು, ಸಮುದ್ರ ಅನ್ನೂದು ಬಚ್ಚಲದಾಗಿನ ಹಂಡೆ" ಎಂದಳು. "ಹಂಚು ಎರಡು ಕಟ್ಟಿಗಿ ಚಿಪಾಟಿಗೆ ಕಾಯ್ತದ, ಒಲಿ ಆರಿದ್ರ ಆಗಿಂದಾಗ ತಣ್ಣಗಾಗ್ತದ. ಹಂಡೆ ಕಾಯೂದೂ ತಡಾ, ಆರೂದೂ ತಡಾ. ಇದಕ್ಕ ಇಷ್ಟು ದೊಡ್ಡ ಪುಸ್ತಕ ಯಾಕ ಬೇಕಿತ್ರಿ?"

ನಾನು ಸೋಲನ್ನು ಒಪ್ಪಿಕೊಳ್ಳದೆ ಗಾಳಿ ಯಾಕೆ ಬೀಸುತ್ತದೆ ಹೇಳು ನೋಡೋಣ ಎಂದೆ. ಅವಳು ಸೌಟಿನಿಂದ ಮೇಲೆ ಬೆಳಕಿಂಡಿಯನ್ನು ತೋರಿಸಿದಳು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಯ ಮೇಲೆ ಒಂದು ಬೆಳಕಿಂಡಿ ಇರುತ್ತದೆ. ಒಲೆ ಹೊತ್ತಿದಾಗ ಕಾವೂ ಹೊಗೆಯೂ ಅಲ್ಲಿಂದ ಮೇಲೆ ಹೋಗುತ್ತವೆ, ತಂಪು ಗಾಳಿ ಪಡಸಾಲೆಯ ಬಾಗಿಲಿನಿಂದ ಒಳಗೆ ಬರುತ್ತದೆ. ಬಾಗಿಲು ಹಾಕಿದರೆ ಒಳಗಿದ್ದವರಿಗೆಲ್ಲ ಕಣ್ಣಲ್ಲಿ ನೀರು. ಹೀಗೆ ನಮ್ಮ ಅಡಿಗೆಮನೆಯಲ್ಲಿ ದಿನಕ್ಕೆ ಎರಡು ಸಲ ಮುಂಗಾರು ಗಾಳಿ ಬೀಸುತ್ತಿತ್ತು. ವೈಶಾಖದಲ್ಲಿ ನಮ್ಮ ಎರೆಯ ಹೊಲಗಳೆಲ್ಲ ಹಂಚಿನಂತೆ ಕಾಯುತ್ತವೆ, ಕಾದ ಗಾಳಿ ಮೇಲಕ್ಕೆ ಏಳುತ್ತದೆ, ಅದರ ಜಾಗಕ್ಕೆ ಪಡುವಣದ ಸಮುದ್ರದ ಕಡೆಯಿಂದ ಒದ್ದೆ ಗಾಳಿ ನುಗ್ಗಿ ಬರುತ್ತದೆ. ಅರಬ್ಬಿ ಸಮುದ್ರ ನಮ್ಮ ತಲಬಾಗಿಲು. ಇದಾದ ಮೇಲೆ ನಾನು ಭೂಗೋಳದ ವಿಷಯವಾಗಿ ಮನೆಯಲ್ಲಿ ಬಾಯಿ ಬಿಡುವಾಗ ಸ್ವಲ್ಪ ಹುಷಾರಾಗಿರುತ್ತಿದ್ದೆ.

ಸೂರ್ಯ ಎಲ್ಲರಿಗೂ ಒಬ್ಬನೇ, ಸಮುದ್ರವೂ ಒಂದೇ, ಆದರೂ ಮಳೆ ಮಾತ್ರ ಎಲ್ಲರಿಗೂ ಒಂದೇ ಸಮ ಇಲ್ಲ. ಇದು ಮದುವೆಯ ಪಂಕ್ತಿಯ ಹಾಗೆ. ತುಪ್ಪ ಬಡಿಸುವವನು ಪಡುವಣದ ಬಾಗಿಲಿನಿಂದ ಬರುತ್ತಾನೆ. ಮೊದಲ ಎಲೆ ಖಾನಾಪುರದ್ದು, ಅಲ್ಲಿ ಮಿಳ್ಳೆಯನ್ನೇ ಬೋರಲು ಹಾಕುತ್ತಾನೆ. ಕಿತ್ತೂರಿನವರಿಗೆ ಧಾರೆ ಕಾಣುವಷ್ಟು ಬೀಳುತ್ತದೆ. ನಮ್ಮ ಬೈಲಹೊಂಗಲಕ್ಕೆ ಬರುವ ಹೊತ್ತಿಗೆ ಅವನ ಕೈ ಬಿಗಿಯಾಗುತ್ತದೆ. ಸವದತ್ತಿಯಲ್ಲಿ ಅನ್ನ ಮುಟ್ಟಿತೋ ಇಲ್ಲವೋ ಎನ್ನುವ ಹಾಗೆ ತೋರಿಸುತ್ತಾನೆ. ರಾಮದುರ್ಗದ ಎಲೆಯ ಮುಂದೆ ಬಂದು ಬರಿ ಮಿಳ್ಳೆಯನ್ನು ಬಗ್ಗಿಸಿ, 'ಸಾವಕಾಶ ಆಗಲಿ' ಎಂದು ಉಪಚಾರ ಹೇಳಿ ಮುಂದೆ ಹೋಗುತ್ತಾನೆ. ರಾಮದುರ್ಗ ಸಂಸ್ಥಾನವಾಗಿದ್ದಾಗ ಅಲ್ಲಿಯ ನನ್ನ ಸಹಪಾಠಿಯೊಬ್ಬ, ಸಂಸ್ಥಾನ ಹೋಗಿ ಎಲ್ಲ ಒಂದಾದರೆ ಮಳೆಯೂ ಒಂದಾಗಬಹುದು ಎಂದು ಆಸೆ ಇಟ್ಟುಕೊಂಡಿದ್ದ. ಸಂಸ್ಥಾನ ವಿಲೀನವಾಯಿತು. ಮಳೆ ಇನ್ನೂ ಸಹಿ ಹಾಕಿಲ್ಲ.

ನಮ್ಮ ಹಿರಿಯರಿಗೆ ಮಳೆಯ ಯಜಮಾನ ಯಾರೆಂಬುದು ಗೊತ್ತಿತ್ತು ಎಂದು ನನಗೆ ಅನಿಸುತ್ತದೆ. ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರಾ ಮಳೆ ಎಂದು ನಾವು ಹೆಸರು ಹೇಳುತ್ತೇವಲ್ಲ, ಅವು ಚಂದ್ರನ ನಕ್ಷತ್ರಗಳಲ್ಲ. ಸೂರ್ಯ ಆಗ ಯಾವ ನಕ್ಷತ್ರದ ಮನೆಯಲ್ಲಿದ್ದಾನೋ ಆ ನಕ್ಷತ್ರದ ಹೆಸರು. ಹಬ್ಬ, ವ್ರತ, ಉಪವಾಸಗಳನ್ನೆಲ್ಲ ಚಂದ್ರನಿಗೆ ಒಪ್ಪಿಸಿದ ಜನ ಬಿತ್ತುವ ವಿಷಯ ಬಂದಾಗ ಸದ್ದಿಲ್ಲದೆ ಸೂರ್ಯನ ಹತ್ತಿರ ಹೋದರು. ಉಪವಾಸ ಒಂದು ದಿನ ಹೆಚ್ಚುಕಡಿಮೆಯಾದರೆ ದೇವರು ಕ್ಷಮಿಸುತ್ತಾನೆ, ಜೋಳ ಕ್ಷಮಿಸುವುದಿಲ್ಲ.

ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದಕ್ಕೆ ಕಾರಣವಿದೆ. ಹೋದ ಪುಷ್ಯ ಮಾಸದಲ್ಲಿ, ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗಿದ್ದ ಒಂದು ಮುಂಜಾನೆ, ಎಂಟು ದಿನದ ಜ್ವರದಲ್ಲಿ ಅಂಬಕ್ಕ ತೀರಿಕೊಂಡಳು. ಅವಳ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ಲೇಖನಿ ಮಳೆಯ ಕಡೆ, ಬಿಸಿಲಿನ ಕಡೆ ಹೋಗುತ್ತದೆ. ಅದಕ್ಕೂ ಕಾರಣವಿದೆ. ನಮ್ಮಿಬ್ಬರ ನಡುವೆ ಮಳೆಯ ಬಗ್ಗೆ ಒಂದು ವ್ಯಾಜ್ಯ ಇತ್ತು. ಏಳು ವರ್ಷ ನಡೆದ ಆ ವ್ಯಾಜ್ಯದಲ್ಲಿ ನಾನು ಒಂದು ಮಾತು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಒಪ್ಪಿಕೊಳ್ಳಲಿಲ್ಲ.

ವ್ಯಾಜ್ಯ ಸುರುವಾದದ್ದು ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷ ಆಗಿದ್ದಾಗ. ಆ ವರ್ಷ ರೋಹಿಣಿ ಒಣಗಿ ಹೋಯಿತು, ಮಿರಗ ಅರ್ಧ ಕಳೆದರೂ ಹನಿ ಇಲ್ಲ. ಮಧ್ಯಾಹ್ನ ಆಯಿತೆಂದರೆ ಸುಳಿಗಾಳಿ ಎದ್ದು ಒಣಗಲು ಹಾಕಿದ ನನ್ನ ಧೋತರವನ್ನು ನೆರೆಮನೆಯ ಮಾಳಿಗೆಗೆ ಒಯ್ದು ಹಾಕುತ್ತಿತ್ತು. ನಾನು ದಿನಾಲು ಡಬ್ಬಿ ನೋಡಿ ಮನೆಗೆ ಬರುತ್ತಿದ್ದೆ. ಮನೆ ಎಂದರೆ ಕಚೇರಿಯ ಬೇಲಿಗೆ ಹತ್ತಿಯೇ ಇದ್ದ ಎರಡಂಕಣದ ಮನೆ. ಅವಳು ಬಾಗಿಲಲ್ಲೇ ಕೇಳುತ್ತಿದ್ದಳು, ನಾನು 'ಖಾಲಿ' ಎನ್ನುತ್ತಿದ್ದೆ.

"ಮುಂಜಾನೆದ್ದು ಖಾಲಿ ಖಾಲಿ ಅಂತ ಅನಬ್ಯಾಡ್ರಿ" ಎಂದಳು ಒಂದು ದಿನ.

"ಖಾಲಿ ಇದ್ದದ್ದಕ್ಕ ಮತ್ತೇನನ್ನಲಿ?"

ಮರುದಿನ ಮುಂಜಾನೆ ನಾನು ಮತ್ತು ನಮ್ಮ ಕಚೇರಿಯ ಸಿಪಾಯಿ ಹಸನಸಾಬ ಡಬ್ಬಿಯ ಹತ್ತಿರ ಹೋದೆವು. ಹಸನಸಾಬ ನನ್ನ ವಯಸ್ಸಿನವನೇ. ಆಲಿಕೆ ತೆಗೆಯುವುದು ಅವನ ಕೆಲಸ, ಗ್ಲಾಸು ಹಿಡಿಯುವುದು ನನ್ನ ಕೆಲಸ. ಅವನು ಬಾಟಲಿ ಎತ್ತಿದವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ.

"ಅಣ್ಣಾರ, ಮಳಿ ಆಗೇತ್ರಿ."

"ಎಲ್ಲಿ?"

"ಡಬ್ಯಾಗ."

ಇಬ್ಬರೂ ಆಕಾಶ ನೋಡಿದೆವು. ಒಂದು ಮೋಡ ಇಲ್ಲ. ಕಾಲಡಿ ನೋಡಿದೆವು. ಧೂಳು. ಗ್ಲಾಸಿಗೆ ಸುರಿದೆವು. ಒಂದು ಸಲ ತುಂಬಿತು, ಎರಡನೆಯ ಸಲ ತುಂಬಿತು, ಮೂರನೆಯ ಸಲವೂ ತುಂಬಿತು. ಹತ್ತಿರ ಹತ್ತಿರ ಒಂದೂವರೆ ಇಂಚು. ಅಷ್ಟು ಮಳೆ ನಿಜವಾಗಿ ಬಿದ್ದಿದ್ದರೆ ಪೇಟೆಯ ಹಳ್ಳ ಹರಿಯಬೇಕಿತ್ತು. "ಇದು ಒಬ್ಬರ ಮನಿ ಮಳೀರಿ" ಎಂದ ಹಸನಸಾಬ, "ಊರ ಮಳಿ ಅಲ್ಲ."

ನಮ್ಮ ಸಾಹೇಬರು ಮನುಷ್ಯ ಒಳ್ಳೆಯವರು, ಆದರೆ ಸರಕಾರದ ಡಬ್ಬಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೇಲಿಯ ಬಾಗಿಲಿನ ಕೀಲಿಕೈ ಹಸನಸಾಬನ ಹತ್ತಿರ ಇರುತ್ತದೆ, ಹಿತ್ತಲಿನ ಗಿಡಗಳಿಗೆ ನೀರು ಹಾಕುವವನೂ ಅವನೇ. ಹೀಗಾಗಿ ಅವರಿಗೆ ಬೇರೆ ಯೋಚನೆ ಬರಲಿಲ್ಲ. "ಚೇಷ್ಟಾ ಮಾಡ್ಲಿಕ್ಕೆ ನಿನಗ ಬ್ಯಾರೆ ಜಾಗಾ ಸಿಗಲಿಲ್ಲೇನು? ಹನ್ನೊಂದು ಗಂಟೆಗೆ ಬಂದು ಜವಾಬು ಬರಸು. ಮೇಲೆ ಕಳಸತೀನಿ" ಎಂದರು. ಮೇಲೆ ಕಳಿಸುವುದೆಂದರೆ ಏನೆಂದು ಸರಕಾರಿ ನೌಕರಿಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಸನಸಾಬ ತಲೆಯ ಮೇಲಿನ ರುಮಾಲು ತೆಗೆದು, ಝಾಡಿಸಿ, ಮತ್ತೆ ಸುತ್ತಿಕೊಂಡ.

ನಾನು ಊಟಕ್ಕೆ ಕುಳಿತಾಗ ಇದನ್ನು ಹೆಂಡತಿಗೆ ನಗೆಯ ಸಂಗತಿಯಂತೆ ಹೇಳಿದೆ. ಮಜ್ಜಿಗೆ ಬಡಿಸುತ್ತಿದ್ದ ಅವಳ ಕೈ ನಿಂತಿತು.

"ಹಸನಸಾಬಗ ಏನ್ ಮಾಡ್ತಾರ?"

"ನೌಕರಿ ಹೋದ್ರೂ ಹೋತು."

ಅವಳು ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟು, ಸೆರಗು ಹೊದ್ದು, "ಏಳ್ರಿ, ಕಚೇರಿಗೆ ಹೋಗೋಣು" ಎಂದಳು. ನನಗೆ ಆಗ ತಿಳಿಯಿತು. ಬೇಲಿಗೆ ನಮ್ಮ ಹಿತ್ತಲ ಕಡೆಯಿಂದ ಒಂದು ಸಂದಿ ಇತ್ತು, ಅವಳು ದಿನಾಲು ಅಲ್ಲಿಂದ ನುಸುಳಿ ಕಣಗಿಲ ಹೂ ಬಿಡಿಸಿಕೊಂಡು ಬರುತ್ತಿದ್ದಳು. ಕಾರಕೂನನ ಹೆಂಡತಿ ಕಚೇರಿಯ ಮೆಟ್ಟಿಲು ಹತ್ತುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ನಾನು ದಾರಿಯುದ್ದಕ್ಕೂ ಬೇಡ, ನಾನೇ ಹೇಳುತ್ತೇನೆ ಎನ್ನುತ್ತ ಹೋದೆ. "ನೀವು ಹೇಳಿದ್ರ ಹೆಂಡತಿ ಸಲುವಾಗಿ ಸುಳ್ಳು ಹೇಳ್ಲಿಕ್ಹತ್ಯಾನ ಅಂತಾರ" ಎಂದು ಅವಳು ಮುಂದೆ ನಡೆದಳು.

ಸಾಹೇಬರ ಮೇಜಿನ ಮುಂದೆ ಹಸನಸಾಬ ನಿಂತಿದ್ದ. ಅವಳು ಬಾಗಿಲ ಚೌಕಟ್ಟಿನಲ್ಲೇ ನಿಂತು, "ಆ ನೀರು ನಾ ಹಾಕೀನ್ರಿ. ಪೂಜಾದ ಸಣ್ಣ ತಂಬಿಗೀಲೆ. ಆತಂಗ ಏನೂ ಗೊತ್ತಿಲ್ಲ" ಎಂದಳು.

ಸಾಹೇಬರು ಲೇಖನಿ ಕೆಳಗಿಟ್ಟರು. "ಯಾಕ ಹಾಕಿದ್ರಿ ಬಾಯಾರ?"

"ನಾವು ನೆರೆಮನಿಯವರ ಪಾತ್ರಿ ವಾಪಸ್ ಕೊಡಬೇಕಾದ್ರ ಖಾಲಿ ಕೊಡೂದಿಲ್ಲರಿ. ಒಂದು ಬೆಲ್ಲದ ತುಂಡರೆ ಹಾಕಿ ಕೊಡತೀವಿ. ಇಲ್ಲಿ ನೋಡಿದ್ರ ಮೂರು ವಾರದಿಂದ ಬರೇ ಡಬ್ಬಿ ಮ್ಯಾಲ ಮಾರಿ ಮಾಡಿ ಇಟ್ಟೀರಿ. ಬರೇ ಪಾತ್ರಿ ಹಿಡದು ಕೊಡು ಕೊಡು ಅಂದ್ರ ಯಾರು ಕೊಡತಾರ್ರಿ?"

ಮೊದಲು ನಕ್ಕವನು ಹಸನಸಾಬ, ನಕ್ಕು ತಕ್ಷಣ ಕೆಮ್ಮಿದ. ಆಮೇಲೆ ಸಾಹೇಬರೂ ನಕ್ಕರು. ಜವಾಬಿನ ಕಾಗದ ಹರಿಯಿತು. ಆದರೆ ಪುಸ್ತಕದಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಉಳಿಯಿತು. ಗ್ಲಾಸಿನಲ್ಲಿ ಕಂಡದ್ದನ್ನು ಬರೆಯಬೇಕೆಂದು ನಿಯಮ, ಬೀಳದ ಮಳೆಯನ್ನು ಬರೆಯಬಾರದೆಂದು ವಿವೇಕ. ಕೊನೆಗೆ ಸಾಹೇಬರು ಹೇಳಿದ್ದನ್ನೇ ನಾನು ಬರೆದೆ. 'ಮಳೆ ಇಲ್ಲ. ಡಬ್ಬಿಯಲ್ಲಿದ್ದ ನೀರು ಆಕಾಶದ್ದಲ್ಲ.' ಹಾಗಾದರೆ ಎಲ್ಲಿಯದು ಎಂದು ಮೇಲಿನ ಕಚೇರಿಯಿಂದ ಪತ್ರ ಬಂತು. ಅದಕ್ಕೆ ಇನ್ನೂ ಉತ್ತರ ಹೋಗಿಲ್ಲ.

ಮೂರನೆಯ ದಿನ ಮಳೆ ಬಂತು.

ನಾನೇನು ಮಾಡಲಿ, ಬಂತು. ಮಧ್ಯಾಹ್ನದ ತನಕ ಕಾಯಿಸಿ, ನಾಲ್ಕು ಗಂಟೆಗೆ ಮೋಡಗಳನ್ನು ಗೋಪುರದ ಹಾಗೆ ಎಬ್ಬಿಸಿ, ಗುಡುಗಿ, ಬೇಕಾದಷ್ಟು ಬಂತು. ಅಂಬಕ್ಕ ತಲಬಾಗಿಲಲ್ಲಿ ನಿಂತು ಅಂಗಳದಲ್ಲಿ ನೀರು ಹರಿಯುವುದನ್ನು ನೋಡುತ್ತಿದ್ದಳು. "ಹೆಪ್ಪು ಹಿಡೀತು" ಎಂದಳು ನನ್ನ ಕಡೆ ತಿರುಗದೆ.

ನಾನು ಸುಮ್ಮನಿರಬೇಕಿತ್ತು. ಮುಲ್ಕಿ ಪಾಸಾದವನಿಗೆ ಸುಮ್ಮನಿರುವುದು ಕಷ್ಟ. ಸೂರ್ಯನ ಕಾವು, ಎರೆನೆಲ, ಅರಬ್ಬಿ ಸಮುದ್ರ ಎಂದು ಎಲ್ಲ ವಿವರಿಸಿ, ಇಷ್ಟು ದೊಡ್ಡ ಸಮುದ್ರದ ಮುಂದೆ ನಿನ್ನ ತಂಬಿಗೆ ಯಾವ ಲೆಕ್ಕ ಎಂದೆ.

"ಒಂದು ಗಡಿಗಿ ಹಾಲಿಗೆ ಎಷ್ಟು ಹೆಪ್ಪು ಹಾಕತಾರ್ರಿ?" ಎಂದಳು. "ಒಂದು ಚಮಚಾ. ಗಡಿಗಿ ತುಂಬ ಹಾಕೂದಿಲ್ಲ. ನನ್ನ ನೀರು ಅಷ್ಟೂ ಇಲ್ಲೇನು?"

"ಅಷ್ಟೂ ಇಲ್ಲ."

ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಏಳು ವರ್ಷವೂ ಮೊದಲ ಮಳೆಯ ದಿನ ಅವಳು 'ಹೆಪ್ಪು ಹಿಡೀತು' ಎನ್ನುತ್ತಿದ್ದಳು, ನಾನು 'ಅಷ್ಟೂ ಇಲ್ಲ' ಎನ್ನುತ್ತಿದ್ದೆ. ಅವಳು ಮತ್ತೆ ಡಬ್ಬಿಯನ್ನು ಮುಟ್ಟಲಿಲ್ಲ. ಒಂದು ಸಲ ಹಾಕಿದ ಹೆಪ್ಪಿನಿಂದಲೇ ನಾಳೆಯ ಮೊಸರು, ನಾಡಿದ್ದಿನ ಮೊಸರು ಆಗುತ್ತ ಹೋಗುತ್ತದೆ ಎಂಬುದು ಅವಳ ವಾದ. ನಾನು ಪ್ರತಿ ವರ್ಷ ಗೆದ್ದೆ. ಈಗ ಲೆಕ್ಕ ಹಾಕಿದರೆ, ಅಷ್ಟು ಸಲ ಗೆದ್ದವನು ಒಮ್ಮೆ ಬೇಕಂತಲೇ ಸೋತಿದ್ದರೆ ಯಾರ ಮನೆಯ ಗಂಟು ಹೋಗುತ್ತಿತ್ತು ಅನಿಸುತ್ತದೆ.

ಈ ವರ್ಷ ಮಿರಗ ಸಕಾಲಕ್ಕೆ ಬಂತು. ಮಳೆ ಬಂದ ಮರುದಿನ ಎಂಟು ಗಂಟೆಗೆ ಅಳೆದೆ, ಬರೆದೆ, ಚೆಲ್ಲಿದೆ. ಮನೆಗೆ ಬಂದು 'ಅಷ್ಟೂ ಇಲ್ಲ' ಎನ್ನಬೇಕಾದ ಜಾಗದಲ್ಲಿ ಸುಮ್ಮನೆ ಕಾಲು ತೊಳೆದುಕೊಂಡೆ.

ಶ್ರಾವಣದಲ್ಲಿ ಪುಣೆಯಿಂದ ಒಬ್ಬ ಅಧಿಕಾರಿ ಮಳೆಯ ಡಬ್ಬಿಗಳನ್ನು ತಪಾಸಣೆ ಮಾಡಲು ಬಂದರು. ಸಣ್ಣ ವಯಸ್ಸು, ದಪ್ಪ ಕನ್ನಡಕ, ಮರಾಠಿ ಮನೆಮಾತಿನವರಾದರೂ ಕನ್ನಡ ಚೆನ್ನಾಗಿ ಬರುತ್ತಿತ್ತು. ನಮ್ಮ ಡಬ್ಬಿಯನ್ನು ನೋಡಿ, ಆಲಿಕೆಯ ಅಂಚನ್ನು ಬೆರಳಿನಿಂದ ಸವರಿ, ಪುಸ್ತಕ ತಿರುವಿ ಹಾಕಿದರು. ಮಧ್ಯಾಹ್ನ ಚಹಾ ಕುಡಿಯುತ್ತ ಕುಳಿತಾಗ ನಾನು ಬೇರೆ ಯಾವುದೋ ಮಾತಿನ ನಡುವೆ ಕೇಳಿದ ಹಾಗೆ ಕೇಳಿದೆ. "ಮಳಿ ಎಲ್ಲಾ ಸಮುದ್ರದಿಂದನ ಬರ್ತದೇನ್ರಿ? ನೆಲದ ಮ್ಯಾಲಿನ ನೀರಿಂದ ಏನೂ ಉಪಯೋಗ ಇಲ್ಲೇನು?"

"ಇಲ್ಲ ಅಂತ ಯಾರು ಹೇಳಿದ್ರು?" ಎಂದರು ಅವರು. "ಸಮುದ್ರದ್ದು ಹೆಚ್ಚು, ಅದು ಖರೇ. ಆದರ ಮೊದಲನೇ ಮಳಿ ನೆಲ ತೋಯಿಸ್ತದ ನೋಡ್ರಿ, ಬಿಸಿಲು ಅದನ್ನ ತಿರುಗಿ ಮ್ಯಾಲ ಎತ್ತತದ. ಹಸಿ ನೆಲ, ಕೆರಿ, ಗಿಡದ ಎಲಿ, ಎಲ್ಲಾ ಕಡಿಂದ. ಅದು ಮತ್ತ ಮಳಿ ಆಗಿ ಬೀಳ್ತದ. ಸಮುದ್ರದಿಂದ ದೂರ ದೂರ ಹೋದಂಗ, ಅಲ್ಲಿ ಬೀಳೂ ಮಳಿಯೊಳಗ ಹಿಂದ ಎಲ್ಲೋ ಒಮ್ಮೆ ಬಿದ್ದ ನೀರೂ ಇರ್ತದ. ಮಳಿಯಿಂದನ ಮಳಿ."

ನನ್ನ ಬಶಿಯಲ್ಲಿದ್ದ ಚಹಾ ಆರಿ ಹೋಯಿತು. "ಒಂದು ತಂಬಿಗಿ ನೀರು ಇದ್ರ?" ಎಂದೆ.

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಯೋಚಿಸಿದರು. "ಒಂದು ತಂಬಿಗಿ ಅಳಿಯೂ ಸಾಮಾನು ನಮ್ಮ ಹತ್ರ ಇಲ್ಲ. ಆದರ ಅದನ್ನ ಬಿಟ್ಟು ಲೆಕ್ಕಾ ಹಾಕಿದ್ರ ಲೆಕ್ಕಾ ತಪ್ಪು."

ಅವರನ್ನು ಬೀಳ್ಕೊಟ್ಟ ಕೂಡಲೆ ನಾನು ಮನೆಯ ಕಡೆ ಹೊರಟೆ. ಹೊರಟೆ ಎಂದರೆ ಹೆಚ್ಚುಕಡಿಮೆ ಓಡಿದೆ. ಹಾದಿಯಲ್ಲಿ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮೊದಲೇ ಒಪ್ಪಿಕೊಳ್ಳಬಾರದು, 'ಪುಣೆದವರು ಬಂದಿದ್ರು' ಎಂದು ಸುರು ಮಾಡಬೇಕು, ಅವಳು 'ಏನಂದ್ರು' ಎಂದು ಕೇಳಬೇಕು, ಆಗ ಸಾವಕಾಶ ಹೇಳಬೇಕು. ಅವಳ ಮುಖ ಹೇಗಾಗುತ್ತದೆ ಎಂಬುದೂ ನನಗೆ ಕಾಣುತ್ತಿತ್ತು. ಮೆಟ್ಟಿಲು ಹತ್ತಿ ಬಾಗಿಲಿಗೆ ಕೈ ಹಾಕಿದೆ. ಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಕೈ ನನ್ನ ಕೋಟಿನ ಕಿಸೆಯಲ್ಲೇ ಇತ್ತು. ಮುಂಜಾನೆ ನಾನೇ ಹಾಕಿಕೊಂಡು ಹೋಗಿದ್ದೆ.

ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ ತಿಳಿಯದು. ಹಿಂದಿನಿಂದ ಹಸನಸಾಬ ಬಂದ. ನಾನು ಕಚೇರಿಯಲ್ಲಿ ಬಿಟ್ಟುಬಂದ ಛತ್ರಿ ಅವನ ಕೈಯಲ್ಲಿತ್ತು. ಅವನು ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ, ಕಟ್ಟೆಯ ಮೇಲೆ ಕುಳಿತ. ನಾನೂ ಕುಳಿತೆ. ಹೇಳಬೇಕಾದವಳಿಗೆ ಹೇಳಲಾಗದ್ದನ್ನು ಅವನಿಗೆ ಹೇಳಿದೆ. ಒಂದೂ ಬಿಡದೆ, ಹೆಪ್ಪಿನ ವ್ಯಾಜ್ಯ, ಪುಣೆಯವರ ಮಾತು, ಏಳು ವರ್ಷ ನಾನು ಹಟ ಹಿಡಿದದ್ದು ಎಲ್ಲ ಹೇಳಿದೆ. "ಆಕಿದು ಖರೇ ಇತ್ತು ಹಸನಸಾಬ. ಅದನ್ನ ಆಕಿಗೆ ಹೇಳೂದು ಆಗಲಿಲ್ಲ."

ಅವನು ಛತ್ರಿಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತ ಕೇಳುತ್ತಿದ್ದ.

"ಅಣ್ಣಾರ, ಅಂಬಕ್ಕಾರಿಗೆ ಇದು ಆವತ್ತಽ ಗೊತ್ತಿತ್ತು. ಪುಣೇದ ಸಾಹೇಬರಿಗೂ ಗೊತ್ತಿತ್ತು. ಊರಾಗ ಗೊತ್ತಿಲ್ಲದಾಂವ ನೀವೊಬ್ಬರಽ ಉಳದಿದ್ರಿ. ಗೊತ್ತಿದ್ದವರಿಗೆ ಏನ್ ಹೇಳ್ತೀರಿ ಹೋಗಿ?"

ಪುಷ್ಯದಿಂದ ಈಚೆಗೆ ನಾನು ನಕ್ಕದ್ದು ಅದೇ ಮೊದಲು. ಅವನೂ ನಕ್ಕ, ಈ ಸಲ ಕೆಮ್ಮಲಿಲ್ಲ. ಆಗ ತಾನೇ ಒಂದು ಸಣ್ಣ ಶ್ರಾವಣದ ಮಳೆಸರಿ ಬಂದು ಹೋಗಿತ್ತು, ಮೋಡ ಸರಿದು ಬಿಸಿಲು ಬಿದ್ದಿತ್ತು. ನಮ್ಮ ಮುಂದಿನ ಒದ್ದೆ ಹಾದಿಯಿಂದ, ಎದುರು ಮನೆಯ ಮಾಳಿಗೆಯಿಂದ, ಹಸನಸಾಬನ ತೊಯ್ದ ರುಮಾಲಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಮೇಲಿದ್ದ ಅಧಿಕಾರಿ ಎಲ್ಲರ ನೀರನ್ನೂ ಎತ್ತಿಕೊಳ್ಳುತ್ತಿದ್ದ. ಇದು ಯಾರದು, ಎಷ್ಟು ಎಂದು ಅವನು ಯಾರನ್ನೂ ಕೇಳುತ್ತಿರಲಿಲ್ಲ.